ಸುಲ್ತಾನ್ ಬತ್ತೇರಿ ಇಷ್ಟು ಚಿಕ್ಕದು ಯಾಕೆ?

ಮಂಗಳೂರಿನ ನದಿ ದಡದಲ್ಲಿರುವ ದುಂಡಗಿನ ಕಪ್ಪು ಕಲ್ಲಿನ ಕಟ್ಟಡ ದೀಪಸ್ತಂಭವಾ, ಇಷ್ಟು ಚಿಕ್ಕದು ಯಾಕೆ ಅಂತ ಕೇಳುವವರಿದ್ದಾರೆ. ಅದು ಬೋಳೂರಿನ ಸುಲ್ತಾನ್ ಬತ್ತೇರಿ. ಅದು ದೀಪಸ್ತಂಭ ಅಲ್ಲ, ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಾವಲು ಗೋಪುರ. ಹೆಸರು ಹುಡುಕಿದರೆ ಕೇರಳದ ವಯನಾಡಿನಲ್ಲಿ ಇದೇ ಹೆಸರಿನ ಊರು ಬರುತ್ತದೆ, ಅದು ಬೇರೆ.

ಗಡಿ ದಾಟಿ ಕೇರಳದ ದೊಡ್ಡ ಬೇಕಲ ಕೋಟೆ ನೋಡಿ ಬಂದವರು ಇಲ್ಲಿ ನಿಂತು "ಇಷ್ಟೇನಾ?" ಅಂತಾರೆ. ನನಗೆ ಬೇಜಾರಾಗುತ್ತದೆ. ಇದು ರಾಜ, ಸೈನ್ಯ ಇರಲು ಕಟ್ಟಿದ್ದಲ್ಲ. ಗುರುಪುರ ನದಿಯೊಳಗೆ ಶತ್ರುಗಳ ಯುದ್ಧ ಹಡಗು ನುಗ್ಗದಂತೆ ಕಾಯಲು ಕಟ್ಟಿದ್ದು. ಮೆಟ್ಟಿಲು ಹತ್ತಿ ಗೋಡೆಯ ಕಿಂಡಿಗಳಲ್ಲಿ ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಿ, ಸುತ್ತ ಎಲ್ಲಾ ಕಡೆಗೂ ಫಿರಂಗಿ ತಿರುಗಿಸುವ ಹಾಗೆ ಯಾಕೆ ಮಾಡಿದರು ಅಂತ ನಿಮಗೇ ಗೊತ್ತಾಗುತ್ತದೆ. ಕೆಳಗಿನ ನೆಲಮಾಳಿಗೆಯಲ್ಲಿ ಮದ್ದಿನಪುಡಿ ಇಡುತ್ತಿದ್ದರು.

ಸಮುದ್ರ ಬಿಟ್ಟು ನದಿಗೆ ಯಾಕೆ ಕಾವಲು ಅಂತೀರಾ? ಪಣಂಬೂರಿನ ದೊಡ್ಡ ಬಂದರು 1970ರ ದಶಕದ್ದು. ಅದಕ್ಕೂ ಮೊದಲು ಮಂಗಳೂರಿನ ಬಂದರು ಅಂದ್ರೆ ನದಿ ಬಂದರೇ. ನೇತ್ರಾವತಿ, ಗುರುಪುರ ಎರಡೂ ಸೇರಿ ಸಮುದ್ರಕ್ಕೆ ಹೋಗುವ ಅಳಿವೆಯೇ ಊರಿನ ಬಾಗಿಲು, ಅದರೊಳಗೆ ಬಂದವನಿಗೆ ಊರು ಕೈಗೆ ಸಿಕ್ಕಿದ ಹಾಗೆ. 1783ರಲ್ಲಿ ಇಂಗ್ಲಿಷರು ಮಂಗಳೂರು ಹಿಡಿದಿದ್ದರು. ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, 1784ರ ಜನವರಿಯಲ್ಲಿ ಕೋಟೆ ವಾಪಸ್ ಪಡೆದ. ಮಾರ್ಚ್ 11ಕ್ಕೆ ಇಂಗ್ಲಿಷರ ಜೊತೆ ಇಲ್ಲೇ ಮಂಗಳೂರು ಒಪ್ಪಂದ ಆಯಿತು. ಗೋಪುರವೂ ಅದೇ ವರ್ಷದ್ದು, ಒಂದು ಸಲ ಪೆಟ್ಟು ತಿಂದವನಿಗೆ ಬಾಗಿಲಿನ ಚಿಂತೆ ಜಾಸ್ತಿ ಅಲ್ವಾ.

ಈಗ ಬತ್ತೇರಿ ಅಂದ್ರೆ ನಮಗೆ ಮೊದಲು ನೆನಪಾಗುವುದು ತಣ್ಣೀರುಬಾವಿಗೆ ಹೋಗುವ ದೋಣಿ. ಆಚೆ ದಡದ ಜನ ಪೇಟೆಗೆ, ಈಚೆಯವರು ಬೀಚಿಗೆ ಅಂತ ಓಡಾಡುತ್ತಾರೆ. ದೋಣಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲಾ ಕಿವಿಗೆ ಬೀಳುತ್ತದೆ. ನೀವು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ, ಸಂಕೋಚ ಬೇಡ.

ಬಂದರೆ ಸುಮ್ನೆ ಫೋಟೋ ತೆಗೆದು ಹೊರಡಬೇಡಿ. ದೋಣಿ ಹತ್ತಿ ನಡುನೀರಿನಿಂದ ಗೋಪುರ ನೋಡಿ. ಹಡಗಿನವನ ಕಣ್ಣಿಗೆ ಅದು ಹೇಗೆ ಕಾಣುತ್ತಿತ್ತು ಅಂತ ಅಲ್ಲೇ ತಿಳಿಯಬೇಕು. ಮಳೆಗಾಲದಲ್ಲಾದರೆ ದೋಣಿ ಇದೆಯಾ ಅಂತ ಮೊದಲೇ ವಿಚಾರಿಸಿ. ಇನ್ನೊಂದು, ದಯವಿಟ್ಟು ಆ ಕಲ್ಲಿನ ಮೇಲೆ ಹೆಸರು ಗೀಚಬೇಡಿ, ಗೀಚುವವರನ್ನು ಕಂಡರೆ ಬೇಡ ಅಂತ ಹೇಳಿ.