ಗುಂಡಿ ಸಾವಿನ ಬೀದಿನಾಟಕ: ಹೆಣದಿಂದ ಬೇಡ, ಫೋನಿನಿಂದ ಶುರುಮಾಡಿ

ಸೆಪ್ಟಿಕ್ ಟ್ಯಾಂಕಿಗೆ ಇಳಿದು ಸಾಯುವವರ ಬಗ್ಗೆ ಇಪ್ಪತ್ತು ನಿಮಿಷದ ಬೀದಿನಾಟಕ, ಆರು ಜನ ನಟರು, ಹೆಣ ಎತ್ತುವ ದೃಶ್ಯದಿಂದ ಶುರುಮಾಡಬಹುದೇ ಎಂದು ಕೇಳಿದ್ದೀರಿ. ಬೇಡ ಸರ್. ಹೆಣ ನೋಡಿದ ಜನ ಲೊಚಗುಟ್ಟಿ ‘ಅಯ್ಯೋ ಪಾಪ’ ಅಂದು ಮನೆಗೆ ಹೋಗುತ್ತಾರೆ. ಇಳಿಸಿದ್ದು ಯಾರು ಅನ್ನೋ ಪ್ರಶ್ನೆ ಏಳುವುದೇ ಇಲ್ಲ.

ಮನೆ ಮಾಲೀಕರ ಫೋನಿನಿಂದ ಶುರುಮಾಡಿ. ಪಿಟ್ ತುಂಬಿದೆ, ನಾಳೆ ನೆಂಟರು ಬರುತ್ತಾರೆ, ಸಕ್ಕಿಂಗ್ ಮಷಿನ್‌ನವನ ರೇಟು ಜಾಸ್ತಿ. ಸರಿ, ಮೇಸ್ತ್ರಿಗೆ ಫೋನ್. ಮೇಸ್ತ್ರಿಯಿಂದ ಇನ್ನೊಬ್ಬನಿಗೆ. ಒಂದೇ ಫೋನು ಕೈಯಿಂದ ಕೈಗೆ ದಾಟಲಿ, ದಾಟಿದಾಗೆಲ್ಲ ಕೂಲಿ ಇಳಿಯಲಿ. ಕೊನೆಗೆ ಅದು ಯಾವ ಕೇರಿಗೆ ಹೋಗಿ ನಿಲ್ಲುತ್ತದೆ ಅನ್ನುವುದರಲ್ಲೇ ಜಾತಿ ಬಂತು. ಅದಕ್ಕೆ ಬೇರೆ ಭಾಷಣ ಬೇಕಿಲ್ಲ.

ಗುಂಡಿ ತೋರಿಸಲು ನೆಲದ ಮೇಲೆ ಹಗ್ಗದ ಒಂದು ಸುತ್ತು ಸಾಕು. ನಿಜವಾದ ಮುಚ್ಚಳ ತೆಗೆಯುವ ಹುಚ್ಚು ಸಾಹಸ ಖಂಡಿತ ಬೇಡ. ಒಳಗಿನ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ದಾಟಿದರೆ ಮೂಗಿಗೆ ವಾಸನೆಯೇ ತಿಳಿಯದು. ಅಂದರೆ ಇಳಿದವನು ‘ಈಗ ನಾತ ಇಲ್ಲಣ್ಣ’ ಅನ್ನುವುದೇ ಅಪಾಯದ ಮಾತು. ಮೇಲಿದ್ದವರು ಅದನ್ನು ಕೇಳಿ ನಿರಾಳವಾಗಿ ಬೀಡಿ ಹಚ್ಚಲಿ. ಪ್ರಮಾಣ ಹೆಚ್ಚಿದ್ದರೆ ಮನುಷ್ಯ ದಿಢೀರನೆ ಕುಸಿಯುತ್ತಾನೆ, ಆದ್ದರಿಂದ ಕೆಮ್ಮಿ ಒದ್ದಾಡುವ ಅಭಿನಯ ಬೇಡ. ಮಾತು ಅರ್ಧಕ್ಕೇ ನಿಲ್ಲಲಿ. ಎತ್ತಲು ಇಳಿದ ಎರಡನೆಯವನೂ ಬೀಳಲಿ, ಎಷ್ಟೋ ಪ್ರಕರಣಗಳಲ್ಲಿ ಆಗಿರುವುದೇ ಹೀಗೆ. ಆಗ ತಮಟೆಯೂ ನಿಂತು ಹತ್ತು ಎಣಿಸುವಷ್ಟು ಹೊತ್ತು ಎಲ್ಲರೂ ಸುಮ್ಮನಿರಿ. ಹೆಚ್ಚಿನ ತಂಡಗಳು ಕೆಡಿಸುವುದು ಇಲ್ಲೇ, ಮೌನ ತಡೆಯಲಾಗದೆ ಹಾಡು ತುರುಕುತ್ತಾರೆ.

ನಟರ ಮೈಗೆ ಕೆಸರು ಬಳಿಯಬೇಡಿ. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದವರು ಅದೇ ಕೆಲಸಕ್ಕೆ ದೂಡಲ್ಪಟ್ಟ ಸಮುದಾಯದವರು. ಅದು ಅವರ ಅಸ್ತ್ರ. ನಾವು ಬಳಿದುಕೊಂಡರೆ ಬರೀ ವೇಷ.

ಕಾನೂನನ್ನು ಸೂತ್ರಧಾರನ ಬಾಯಲ್ಲಿ ಓದಿಸಿದರೆ ಯಾರೂ ಕೇಳುವುದಿಲ್ಲ, ಚೌಕಾಸಿಯ ದೃಶ್ಯಕ್ಕೆ ಹಾಕಿ. ಮಾಲೀಕ ‘ಐವತ್ತು ಸಾವಿರ ಕೊಟ್ಟು ಮುಗಿಸೋಣ’ ಅಂದಾಗ ಸತ್ತವನ ಹೆಂಡತಿ ಲೆಕ್ಕ ಹೇಳಲಿ: ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಸುರಕ್ಷತಾ ಸಲಕರಣೆಯಿಲ್ಲದೆ ಇಳಿಸಿದರೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಸಾವಿಗೆ ಪರಿಹಾರ 10 ಲಕ್ಷ ಇದ್ದದ್ದನ್ನು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ 30 ಲಕ್ಷಕ್ಕೆ ಏರಿಸಿದೆ.

ಅಲ್ಲಿಗೆ ನಾಟಕ ನಿಲ್ಲಿಸಿ, ನೋಡುವವರಲ್ಲೊಬ್ಬರನ್ನು ಒಳಗೆ ಕರೆಯಿರಿ. ಬ್ರೆಜಿಲ್‌ನ ಅಗಸ್ಟೊ ಬೋಲ್ ಬೆಳೆಸಿದ ಫೋರಂ ರಂಗಭೂಮಿಯ ಕ್ರಮ ಇದು. ಅಲ್ಲಿ ಸಾಮಾನ್ಯವಾಗಿ ತುಳಿತಕ್ಕೆ ಒಳಗಾದವನ ಜಾಗಕ್ಕೆ ಪ್ರೇಕ್ಷಕ ಬಂದು, ತಾನಾದರೆ ಏನು ಮಾಡುತ್ತಿದ್ದೆ ಅನ್ನುವುದನ್ನು ಆಡಿ ತೋರಿಸುತ್ತಾನೆ. ನಿಮ್ಮ ಬಡಾವಣೆಯ ಪ್ರದರ್ಶನದಲ್ಲಿ ಮಾಲೀಕನ ಜಾಗಕ್ಕೇ ಕರೆಯುವುದು ಮೇಲು, ನಿಂತು ನೋಡುತ್ತಿರುವವರು ಹೆಚ್ಚಾಗಿ ಮನೆ ಮಾಲೀಕರೇ ತಾನೇ?

ಜಾಗ: ಇಪ್ಪತ್ತು ಅಡಿ ಅಡ್ಡಗಲದ ವೃತ್ತ. ಬಸ್ ನಿಲ್ದಾಣದ ಹಾರನ್ ಸದ್ದಿಗೆ ಮೈಕಿಲ್ಲದ ಮಾತು ಕೇಳದು, ಸಂತೆ ಮೈದಾನದ ಅಂಚು ಒಳ್ಳೆಯದು. ಒಂದೇ ಕಡೆ ಮುಖ ಮಾಡಿ ನಿಂತರೆ ಬೆನ್ನ ಹಿಂದಿನವರು ಕರಗುತ್ತಾರೆ, ಎರಡು ಮಾತಿಗೊಮ್ಮೆ ಜಾಗ ಬದಲಿಸಿ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸದಿದ್ದರೆ ನಾದ ಏಳದು. ಪೊಲೀಸ್ ಠಾಣೆಗೆ ಮೊದಲೇ ಅರ್ಜಿ ಕೊಟ್ಟು ಸೀಲು ಹಾಕಿಸಿದ ಪ್ರತಿ ಜೇಬಿನಲ್ಲಿರಲಿ.

ಮೊದಲ ಪ್ರದರ್ಶನ ಪೌರಕಾರ್ಮಿಕರ ಕಾಲೋನಿಯಲ್ಲೇ ಆಗಲಿ. ಸುಳ್ಳಾದ ಮಾತನ್ನು ಅವರು ಅಲ್ಲೇ ತಿದ್ದುತ್ತಾರೆ. ನಿಮ್ಮೂರಲ್ಲೇ ಅಂಥ ಸಾವಾಗಿದ್ದರೆ ಆ ಮನೆಯವರನ್ನು ಕೇಳದೆ ತಾಲೀಮೂ ಶುರುಮಾಡಬೇಡಿ.