ಎಲ್ಲರಿಗೂ ಸ್ವಲ್ಪ ಸ್ವಲ್ಪ ಗೊತ್ತಿತ್ತು

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಎಂಟನೇ ಕ್ಲಾಸಿನ ಹುಡುಗ. ಮಾತಾಡುವಾಗ ತೊದಲುತ್ತಾನೆ, ಅದರಲ್ಲೂ 'ಪ' ಬಂದರೆ ಸಿಕ್ಕಿಕೊಳ್ಳುತ್ತಾನೆ. ಹಾಜರಿ ಕೂಗಿದಾಗ 'ಪ್ರೆಸೆಂಟ್ ಮಿಸ್' ಅನ್ನುವುದೇ ಅವನಿಗೆ ದಿನದ ದೊಡ್ಡ ಕಷ್ಟ. ಹಿಂದಿನ ಬೆಂಚಿನವರು ಒಟ್ಟಿಗೆ 'ಪ್ಪ ಪ್ಪ ಪ್ಪ' ಅನ್ನುತ್ತಿದ್ದರು, ಕ್ಲಾಸೆಲ್ಲ ನಗುತ್ತಿತ್ತು, ಕೆಲವು ಸಲ ಟೀಚರೂ ನಗುತ್ತಿದ್ದರು. ಅದನ್ನು ಯಾರೋ ವಿಡಿಯೋ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದ ಮೇಲೆ ಮನೆಯಲ್ಲೂ ನೆಮ್ಮದಿ ಇಲ್ಲ.

ಅಮ್ಮ ನನ್ನ ಹತ್ತಿರ ಕರೆದುಕೊಂಡು ಬಂದದ್ದು ಹೊಟ್ಟೆನೋವು ಅಂತ. ಮಾತಿನ ಮಧ್ಯೆ ಖುಷಿಯಿಂದಲೇ ಒಂದು ವಿಷಯ ಹೇಳಿದರು: "ಈಗೀಗ ತುಂಬಾ ಒಳ್ಳೆಯವನಾಗಿದ್ದಾನೆ ಮೇಡಂ. ಬ್ಯಾಟ್ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ, ಮೊನ್ನೆ ಚಿಕ್ಕಪ್ಪನ ಮಗನಿಗೆ ಕೊಟ್ಟೇಬಿಟ್ಟ."

ಇಷ್ಟದ ವಸ್ತು ಹೀಗೆ ಕೊಟ್ಟುಬಿಡುವುದು ಎಚ್ಚರಿಕೆಯ ಗುರುತು. ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ನೇರವಾಗಿ ಕೇಳಿದೆ: "ಸಾಯಬೇಕು ಅಂತ ಅನ್ನಿಸುತ್ತಾ ಪುಟ್ಟ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅಂತ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಅವನು ಹೌದು ಅಂತ ತಲೆಯಾಡಿಸಿದ. ಆಮೇಲೆ ನಿಧಾನವಾಗಿ ಹೇಳಿದ, ಎಲ್ಲಿ ತೊದಲಿದರೂ ನಾನು ಮಾತು ಮುಗಿಸಿಕೊಡದೆ ಕಾದೆ. ಇದನ್ನು ಅಮ್ಮನಿಂದ ಮುಚ್ಚಿಡಲಾರೆ ಅಂತಲೂ ಅವನಿಗೇ ಹೇಳಿದೆ.

ಅವತ್ತೇ ಮನೋವೈದ್ಯರ ಹತ್ತಿರ ಕಳಿಸಿದೆ. ಅಮ್ಮನಿಗೆ ಹೇಳಿದ್ದು: ಸದ್ಯಕ್ಕೆ ಒಬ್ಬನೇ ಬಿಡಬೇಡಿ, ಮನೆಯ ಮಾತ್ರೆ, ತೋಟದ ಔಷಧಿ ಎಲ್ಲಕ್ಕೂ ಬೀಗ ಹಾಕಿ. ರಾತ್ರಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. "ಗಂಡುಹುಡುಗ, ಇಷ್ಟಕ್ಕೆಲ್ಲ ಅಳ್ತಾನಾ" ಅನ್ನುವುದನ್ನು ಅಪ್ಪ ಇವತ್ತಿಂದ ನಿಲ್ಲಿಸಬೇಕು. ತೊದಲಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ತೋರಿಸಿ ಅಂದೆ.

ಹುಡುಗ, ಅಮ್ಮ ಇಬ್ಬರೂ ಒಪ್ಪಿದ ಮೇಲೆ ಶಾಲೆಯ ಕಡೆ ವಿಚಾರಿಸಿದೆ, ಆಗ ನಿಜಕ್ಕೂ ಸಂಕಟವಾಯಿತು. ಅವನು ಯಾರ ಪಕ್ಕವೂ ಕೂರುವುದಿಲ್ಲ ಅಂತ ವ್ಯಾನ್ ಓಡಿಸುವ ಅಣ್ಣನಿಗೆ ಗೊತ್ತಿತ್ತು. ಅವನ ದುಡ್ಡಲ್ಲಿ ಬೇರೆ ಹುಡುಗರು ತಿನ್ನುವುದನ್ನು ಗೇಟಿನ ಎದುರಿನ ಅಂಗಡಿಯಾಕೆ ನೋಡಿದ್ದರು. ಪಕ್ಕದ ಮನೆ ಅಜ್ಜಿ ಅವನು ತಾರಸಿ ಮೇಲೆ ಅಳುವುದನ್ನು ಕೇಳಿಸಿಕೊಂಡಿದ್ದರು. ಬೇರೆಯವರ ಮನೆ ವಿಷಯ ನಮಗ್ಯಾಕೆ ಅಂತ ಎಲ್ಲರೂ ಸುಮ್ಮನಿದ್ದರು. ಯಾರೂ ಕೆಟ್ಟವರಲ್ಲ, ಆದರೆ ಒಬ್ಬರು ಬಾಯಿಬಿಟ್ಟಿದ್ದರೂ ಮನೆಯವರಿಗೆ ಎಷ್ಟೋ ಮೊದಲೇ ತಿಳಿಯುತ್ತಿತ್ತು ಅಲ್ವಾ?

ಮಗುವಿಗೆ ಮಾನಸಿಕ ಹಿಂಸೆ ಕೊಡಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ, ಹಾಗಾಗಿ ಟೀಚರ್ ನಕ್ಕದ್ದು ಸಣ್ಣ ವಿಷಯ ಅಲ್ಲ ಅಂತ ಹೆಡ್ ಮಿಸ್ಸಿಗೆ ಹೇಳಿದೆ. ಹಾಜರಿಗೆ ಇಡೀ ಕ್ಲಾಸು ಕೈ ಎತ್ತಲಿ, ಇವನೊಬ್ಬನೇ ಬೇಡ. ಕಾಡಿದವರನ್ನು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಕ್ಷಮೆ ಕೇಳಿಸಬೇಡಿ, ಮತ್ತೆ ಎಲ್ಲರ ಕಣ್ಣು ಇವನ ಮೇಲೇ ಬೀಳುತ್ತದೆ. ಆ ಹುಡುಗರನ್ನೂ ಅಪ್ಪ ಅಮ್ಮನ ಜೊತೆ ಬೇರೆಬೇರೆಯಾಗಿ ಕರೆಸಿ ಮಾತಾಡಿ. ಅವರಲ್ಲಿ ಒಬ್ಬ ಮನೆಯಲ್ಲಿ ದಿನಾ ಏಟು ತಿನ್ನುತ್ತಿದ್ದ, ಈಗ ಅವನೂ ನನ್ನ ಹತ್ತಿರ ಬರುತ್ತಾನೆ.

ತೊದಲು ಪೂರ್ತಿ ಹೋಗಿಲ್ಲ, ಚಿಕಿತ್ಸೆ ಮುಂದುವರಿದಿದೆ. ವ್ಯಾನ್ ಅಣ್ಣನ ಮೊಬೈಲಿನಲ್ಲಿ ಈಗ ಹೆಡ್ ಮಿಸ್ ನಂಬರ್ ಇದೆ. ಯಾವ ಮಗು ಇದ್ದಕ್ಕಿದ್ದಂತೆ ಮಂಕಾದರೂ ಅವತ್ತೇ ಫೋನ್ ಮಾಡುತ್ತಾರೆ.