ಐಪಿ ವಿಳಾಸ ಸಿಕ್ಕಿದ ಮಾತ್ರಕ್ಕೆ ಆಸಾಮಿ ಸಿಕ್ಕನೇ?

ನಿಮ್ಮ ಕಾದಂಬರಿಯ ಅಧಿಕಾರಿಗಳು ಹ್ಯಾಕರ್‌ನ ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಹಿಡಿದು ಎರಡೇ ನಿಮಿಷದಲ್ಲಿ ಅವನ ಮನೆ ಬಾಗಿಲು ಮುರಿಯುತ್ತಾರೆ, ಓದುಗರು ನಂಬುತ್ತಾರೆಯೇ ಎಂದು ಕೇಳಿದ್ದೀರಿ. ನಾನಂತೂ ನಂಬುವುದಿಲ್ಲ. ಆ ವಿಳಾಸ ಹೆಚ್ಚೆಂದರೆ ಇಂಟರ್‌ನೆಟ್ ಕೊಡುವ ಕಂಪನಿಯ ತನಕ ಕರೆದೊಯ್ಯುತ್ತದೆ. ಆ ಹೊತ್ತಿನಲ್ಲಿ ಅದನ್ನು ಬಳಸುತ್ತಿದ್ದ ಗ್ರಾಹಕ ಯಾರೆಂದು ಕಂಪನಿಯ ದಾಖಲೆಯೇ ಹೇಳಬೇಕು. ನಡುವೆ ಬೇರೆ ದೇಶದ ಸರ್ವರ್ ಬಂದರೆ ಕಾಗದಪತ್ರಗಳಲ್ಲೇ ವಾರಗಳು ಕಳೆಯುತ್ತವೆ.

ಆದರೆ ಈ ವಿಳಂಬವನ್ನೇ ಬಂಡವಾಳ ಮಾಡಿಕೊಳ್ಳಿ. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಬಂತು. ಅಲ್ಲಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದ ಕ್ಲಿಫರ್ಡ್ ಸ್ಟೋಲ್ ಅದರ ಬೆನ್ನು ಹತ್ತಿದಾಗ, ಯಾರೋ ಒಳನುಸುಳಿದ್ದು ಗೊತ್ತಾಯಿತು. ಜರ್ಮನಿಯ ಹ್ಯಾನೋವರ್‌ನಲ್ಲಿದ್ದ ಹ್ಯಾಕರ್‌ನನ್ನು ತಲುಪಲು ತಿಂಗಳುಗಟ್ಟಲೆ ಹಿಡಿಯಿತು. ಅವನು ಬಳಸುತ್ತಿದ್ದ ಫೋನ್ ಲೈನಿನ ಜಾಡು ಹಿಡಿಯುವಷ್ಟು ಹೊತ್ತು ಅವನು ಸಂಪರ್ಕದಲ್ಲಿ ಉಳಿಯುತ್ತಿರಲಿಲ್ಲ. ಕೊನೆಗೆ ಸ್ಟೋಲ್ ರಕ್ಷಣಾ ಯೋಜನೆಯ ಹೆಸರಿನಲ್ಲಿ ಸುಳ್ಳು ಕಡತಗಳನ್ನು ರಾಶಿ ಹಾಕಿಟ್ಟರು. ಹ್ಯಾಕರ್ ಆಸೆಗೆ ಬಿದ್ದು ಅವನ್ನು ನಕಲಿಸುತ್ತ ಕುಳಿತ, ಜಾಡು ಹಿಡಿಯಲು ಅಷ್ಟು ಹೊತ್ತು ಸಾಕಾಯಿತು. (ಪಿಸ್ತೂಲಿಲ್ಲದೆ ಎಷ್ಟು ಬಿಗುವು ನೋಡಿ!)

ಬಂಧನಕ್ಕೂ ಬಾಗಿಲು ಮುರಿಯಬೇಕಿಲ್ಲ. ಸಿಲ್ಕ್ ರೋಡ್ ಎಂಬ ಇಂಟರ್‌ನೆಟ್ ಕಳ್ಳಸಂತೆ ನಡೆಸುತ್ತಿದ್ದ ರಾಸ್ ಉಲ್‌ಬ್ರಿಕ್ಟ್ ಹ್ಯಾಕರ್ ಅಲ್ಲದಿದ್ದರೂ, ಅವನನ್ನು ಹಿಡಿದ ರೀತಿ ನಿಮಗೆ ಹೇಳಿ ಮಾಡಿಸಿದಂತಿದೆ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗ್ರಂಥಾಲಯವೊಂದರಲ್ಲಿ ಅವನು ಕೆಲಸದಲ್ಲಿ ಮುಳುಗಿದ್ದ. ಬೆನ್ನ ಹಿಂದೆ ಇಬ್ಬರು ಏಜೆಂಟರು ಜಗಳದ ನಾಟಕವಾಡಿದರು. ಅವನು ತಿರುಗಿ ನೋಡಿದ್ದೇ ತಡ, ತೆರೆದಿದ್ದ ಲ್ಯಾಪ್‌ಟಾಪನ್ನು ಮತ್ತೊಬ್ಬರು ಎಳೆದುಕೊಂಡರು. ಮುಚ್ಚಳ ಮುಚ್ಚಿದ್ದರೆ ಒಳಗಿನದೆಲ್ಲ ಎನ್‌ಕ್ರಿಪ್ಶನ್ನಿನ (ಪಾಸ್‌ವರ್ಡ್ ಇಲ್ಲದೆ ಓದಲಾಗದ ಗುಪ್ತಲಿಪಿಯ) ಬೀಗದ ಹಿಂದೆ ಸರಿದುಬಿಡುವ ಅಪಾಯವಿತ್ತು.